ಟಿಸಿಯಲ್ಲಿ ‘ಸ್ವಂತ ಕಾರಣ’ ಅಂತ ಬರೆದು ಬರೆದು ಸಾಕಾಯ್ತು

ಸಂಪಾದಕರಿಗೆ,

ನಮಸ್ಕಾರ. ಪಿಯುಸಿ ರಿಸಲ್ಟ್ ಬಂದ ಮಾರನೇ ದಿನ ನಿಮ್ಮ ಪೇಪರಲ್ಲಿ ಜಿಲ್ಲಾವಾರು ಪಟ್ಟಿ ಬರುತ್ತೆ, ಕೋಲಾರ ಈ ಸಲ ಎಷ್ಟನೇ ಸ್ಥಾನ, ಹೋದ ಸಲಕ್ಕಿಂತ ಮೇಲಾ ಕೆಳಗಾ ಅಂತ ನಮ್ಮೂರ ಟೀ ಅಂಗಡೀಲಿ ಅವತ್ತೆಲ್ಲಾ ಅದೇ ಮಾತು. ಬಾಯಿಗೆ ಸ್ವೀಟ್ ಇಡ್ತಿರೋ ಅಪ್ಪ ಅಮ್ಮನ ಫೋಟೋ ನೋಡಿದ್ರೆ ನನಗೂ ಖುಷೀನೇ. ಆದ್ರೆ ಆ ಮಕ್ಕಳು ಡಿಗ್ರಿಗೆ ಸೇರಿದ ಮೇಲೆ ಏನಾದ್ರು, ಮೊದಲ್ನೇ ವರ್ಷಕ್ಕೆ ಸೇರಿದೋರಲ್ಲಿ ಎಷ್ಟು ಜನ ಎರಡನೇ ವರ್ಷದ ಬೆಂಚಲ್ಲಿ ಕೂತಿದಾರೆ ಅನ್ನೋ ಪಟ್ಟಿ ಮಾತ್ರ ನಾನು ಯಾವ ಪೇಪರಲ್ಲೂ ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಜಾಗ ಸಾಲದಿದ್ರೆ ಕತ್ತರಿಸಿ, ಆದ್ರೆ ಟಿಸಿ ವಿಷಯ ಮಾತ್ರ ದಯವಿಟ್ಟು ಉಳಿಸಿ.

ನಾನು ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಆಫೀಸಲ್ಲಿ ಎಸ್‌ಡಿಎ ಆಗಿ, ಆಮೇಲೆ ಎಫ್‌ಡಿಎ ಆಗಿ ಕೆಲಸ ಮಾಡಿ ಹೋದ ವರ್ಷ ರಿಟೈರ್ ಆದೆ. ಅಡ್ಮಿಷನ್ ರಿಜಿಸ್ಟರ್, ಫೀಸ್ ರಸೀದಿ, ಸ್ಕಾಲರ್‌ಶಿಪ್ ವೆರಿಫಿಕೇಷನ್, ಟಿಸಿ ಎಲ್ಲಾ ನನ್ನ ಟೇಬಲ್ ಮೇಲೇ ಇದ್ದದ್ದು. ಟಿಸಿ ಫಾರಂ ನೋಡಿದೋರಿಗೆ ಗೊತ್ತಿರುತ್ತೆ, ಕೆಳಗಡೆ ‘ಕಾಲೇಜು ಬಿಟ್ಟ ಕಾರಣ’ ಅಂತ ಒಂದು ಕಾಲಂ ಇರುತ್ತೆ. ಅದರ ಮುಂದೆ ನಾನು ಇಷ್ಟು ವರ್ಷ ಬರೆದದ್ದು ಎರಡೇ ಮಾತು. ಡಿಗ್ರಿ ಮುಗಿಸಿದೋರಿಗೆ ‘ವ್ಯಾಸಂಗ ಪೂರ್ಣಗೊಂಡಿದೆ’, ಮಧ್ಯದಲ್ಲಿ ಬಿಟ್ಟೋರಿಗೆ ‘ಸ್ವಂತ ಕಾರಣ’. ನನಗಿಂತ ಮುಂಚೆ ಆ ಸೀಟಲ್ಲಿ ಇದ್ದೋರು ಹಂಗೇ ಬರೀತಿದ್ರು, ನಾನೂ ಹಂಗೇ ಬರೆದೆ, ಪ್ರಿನ್ಸಿಪಾಲರು ಸೈನ್ ಹಾಕ್ತಿದ್ರು, ಸೀಲ್ ಬೀಳ್ತಿತ್ತು. ಮಳೆ ಬರದೆ ಅಪ್ಪನ ಬೋರ್‌ವೆಲ್ ಬತ್ತಿದ್ರೂ ಸ್ವಂತ ಕಾರಣ, ಮದುವೆ ಗೊತ್ತಾಗಿದ್ರೂ ಸ್ವಂತ ಕಾರಣ, ಪಾಠ ಅರ್ಥ ಆಗದೆ ಕ್ಲಾಸಲ್ಲಿ ಅಳು ಬಂದಿದ್ರೂ ಸ್ವಂತ ಕಾರಣ. ಈಗ ಮನೇಲಿ ಕೂತು ಯೋಚನೆ ಮಾಡಿದ್ರೆ ಅದರಲ್ಲಿ ಎಷ್ಟು ಕಾರಣ ನಿಜವಾಗ್ಲೂ ಆ ಮಕ್ಕಳ ಸ್ವಂತದ್ದು ಅಂತ ಪ್ರಶ್ನೆ ಬರ್ತಿದೆ.

ಅದೂ ಅಲ್ದೆ ಟಿಸಿ ಕೇಳ್ಕೊಂಡು ಬರೋರು ಕಮ್ಮಿ. ಬಿಡೋ ಮಕ್ಕಳಲ್ಲಿ ಬಹಳ ಜನ ಬಿಡ್ತೀನಿ ಅಂತ ಬಂದು ಹೇಳೋದೇ ಇಲ್ಲ. ಪಿಯು ಕಾಲೇಜಿಂದ ತಂದ ಟಿಸಿ ಅಡ್ಮಿಷನ್ ದಿನ ನಮ್ಮ ಹತ್ರ ಕೊಟ್ಟಿರ್ತಾರೆ, ಅದು ಫೈಲಲ್ಲಿ ಹಂಗೇ ಇರುತ್ತೆ, ಹುಡುಗ ಇರಲ್ಲ. ನನ್ನ ಕುರ್ಚಿ ಹಿಂದಿನ ಕಬ್ಬಿಣದ ಬೀರುವಿನಲ್ಲಿ ಕೆಳಗಿನ ಎರಡು ಖಾನೆ ತುಂಬಾ ಅಂಥಾ ಫೈಲೇ. ಮೂರ್ನಾಲ್ಕು ವರ್ಷ ಆದ್ಮೇಲೆ ಯಾರೋ ಒಬ್ಬ ಬರ್ತಾನೆ, ಕೆಲಸಕ್ಕೆ ಬೇಕು ಅಂತಾನೋ ಪಾಸ್‌ಪೋರ್ಟಿಗೆ ಬೇಕು ಅಂತಾನೋ. ಗುರುತೇ ಸಿಗಲ್ಲ, ಮೀಸೆ ಬಂದಿರುತ್ತೆ. ಹಳೇ ಹಾಜರಿ ಪುಸ್ತಕ ತೆಗೆದ್ರೆ ಅವನ ಹೆಸರಿನ ಮುಂದೆ ಒಂದೂವರೆ ತಿಂಗಳು ಟಿಕ್, ಆಮೇಲೆ ಅಲ್ಲಲ್ಲಿ ಒಂದೊಂದು ಟಿಕ್, ಆಮೇಲೆ ಬರೀ ಎ, ಎ, ಎ. ಆ ಅಲ್ಲಲ್ಲಿ ಒಂದೊಂದು ಟಿಕ್ ಇದೆಯಲ್ಲ, ನನ್ನ ಪತ್ರ ಪೂರ್ತಿ ಅದರ ಬಗ್ಗೇನೇ.

ಒಬ್ಬ ಹುಡುಗನ ವಿಷಯ ಹೇಳ್ತೀನಿ. ಮುಳಬಾಗಿಲು ಕಡೆ ಹಳ್ಳಿ, ಅಪ್ಪಂದು ಒಂದೂವರೆ ಎಕರೆ, ಟೊಮೇಟೊ. ಬಿಕಾಂಗೆ ಸೇರಿದ್ದ, ಪಿಯುಸೀಲಿ ಅಕೌಂಟೆನ್ಸೀಲಿ ಒಳ್ಳೇ ಮಾರ್ಕ್ಸ್. ಅಡ್ಮಿಷನ್ ದಿನ ಫೀಸ್ ಕಟ್ಟೋವಾಗ ರಸೀದೀಲಿ ನಾನು ಕೂಡಿಸಿದ್ದು ತಪ್ಪಿದೆ ಅಂತ ಅವನೇ ತೋರಿಸಿದ್ದ, ಅದಕ್ಕೇ ನೆನಪಿದೆ. ದಸರಾ ಆದ್ಮೇಲೆ ಕಾಣಲಿಲ್ಲ. ಎರಡು ವರ್ಷ ಆದ್ಮೇಲೆ ಕೋಲಾರ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ, ಕಂಪನಿ ಟೀ ಶರ್ಟು, ಕುತ್ತಿಗೇಲಿ ಐಡಿ ಕಾರ್ಡು, ನರಸಾಪುರದ ಕಡೆ ಶಿಫ್ಟ್ ಮುಗಿಸಿ ಬರ್ತಿದ್ದ. ಅವನೇ ಬಂದು ಮಾತಾಡ್ಸಿದ. ಯಾಕಪ್ಪಾ ಬಿಟ್ಟೆ ಅಂದೆ. “ಬಿಡ್ಬೇಕು ಅಂತ ಬಿಡ್ಲಿಲ್ಲ ಸಾರ್. ರಜಕ್ಕೆ ಊರಿಗೆ ಹೋದೆ, ಆಗ ಟೊಮೇಟೊ ರೇಟ್ ಬಿದ್ದೋಗಿತ್ತು, ಕೀಳೋ ಕೂಲೀನೂ ಹುಟ್ತಿರ್ಲಿಲ್ಲ, ಅಪ್ಪ ತೋಟಕ್ಕೆ ಹೋಗೋದೇ ಬಿಟ್ಟಿದ್ರು. ನಮ್ಮೂರ ಹುಡುಗ್ರು ಕಂಪನಿಗೆ ಹೋಗ್ತಿದ್ರು, ನಾನೂ ಒಂದು ತಿಂಗಳು ಹೋಗಿ ಬರೋಣ ಅಂತ ಹೋದೆ. ಮೂರು ವಾರ ಆದ್ಮೇಲೆ ಕಾಲೇಜಿಗೆ ಬರೋಣ ಅನ್ನಿಸ್ತು ಸಾರ್, ಆದ್ರೆ ಅಟೆಂಡೆನ್ಸ್ ಶಾರ್ಟೇಜ್ ಆಗೋಗಿರುತ್ತೆ, ಪರೀಕ್ಷೆಗೆ ಕೂರಿಸಲ್ಲ, ಎಲ್ಲರ ಮುಂದೆ ಬೈತಾರೆ ಅಂತ ಭಯ. ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ.”

ಅವನು ಬಸ್ ಹತ್ತಿ ಹೋದ್ಮೇಲೆ ನಾನು ಅಲ್ಲೇ ಕಲ್ಲುಬೆಂಚ್ ಮೇಲೆ ಕೂತು ಲೆಕ್ಕ ಹಾಕಿದೆ. ಸೆಮಿಸ್ಟರಿಗೆ 16 ವಾರ ಪಾಠ ಅಂತ ಇಟ್ಕೊಳ್ಳಿ. ಮೂರು ವಾರ ಪೂರ್ತಿ ಬರದಿದ್ರೂ 13 ವಾರ ಉಳಿಯುತ್ತೆ, ಶೇಕಡ 81. ಬೇಕಾಗಿರೋದು 75. ಅವನು ಸೋಮವಾರ ಎದ್ದು ಬಂದು ಬೆಂಚಲ್ಲಿ ಕೂತಿದ್ರೆ ಸಾಕಿತ್ತು, ಯಾರ ಕಾಲೂ ಹಿಡೀಬೇಕಾಗಿರ್ಲಿಲ್ಲ. ನನ್ನ ರಸೀದೀಲಿ ತಪ್ಪು ಹುಡುಕಿದ ಹುಡುಗನಿಗೆ ಈ ಲೆಕ್ಕ ಹೇಳೋರು ಒಬ್ಬರೂ ಇರ್ಲಿಲ್ಲ, ನಾನೂ ಹೇಳ್ಲಿಲ್ಲ, ನನ್ನ ರಿಜಿಸ್ಟರಲ್ಲೇ ಅವನ ಫೋನ್ ನಂಬರ್ ಇತ್ತು. ಆವತ್ತಿಂದ ನನಗೆ ಈ ವಿಷಯ ಮನಸ್ಸಿಂದ ಹೋಗಿಲ್ಲ.

ನಮ್ಮ ಕಡೆ ಜನ ಹೇಳೋದು ಏನಂದ್ರೆ ಈಗಿನ ಹುಡುಗ್ರಿಗೆ ಓದೋ ಮನಸ್ಸಿಲ್ಲ, ಮೊಬೈಲ್ ಬಂದು ಕೆಟ್ರು ಅಂತ. ನಾನು ಒಪ್ಪಲ್ಲ. ನನ್ನ ಅನುಭವದಲ್ಲಿ ಮೊದಲ್ನೇ ವರ್ಷದಲ್ಲೇ ಯಾಕೆ ಇಷ್ಟು ಜನ ಜಾರಿ ಹೋಗ್ತಾರೆ ಅನ್ನೋದಕ್ಕೆ ಒಂದು ದೊಡ್ಡ ಕಾರಣ ವಯಸ್ಸು. ಪಿಯುಸಿ ಮುಗಿಯೋವಾಗ ಹದಿನೇಳೋ ಹದಿನೇಳೂವರೆಯೋ ಇರುತ್ತೆ, ಡಿಗ್ರಿ ಮೊದಲ್ನೇ ವರ್ಷದಲ್ಲೇ 18 ತುಂಬುತ್ತೆ. ಬಹಳಷ್ಟು ಬಾಗಿಲು ತೆಗೆಯೋದು ಆ ಒಂದು ಹುಟ್ಟುಹಬ್ಬಕ್ಕೆ. ನರಸಾಪುರ, ವೇಮಗಲ್, ಮಾಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಿಯುಸಿ ಪಾಸು, 18 ತುಂಬಿದ ಆಧಾರ್ ಕಾರ್ಡು ಇದ್ರೆ ಕಾಂಟ್ರಾಕ್ಟರ್ ಕಡೆಯಿಂದ ಕೆಲಸ ಸಿಗುತ್ತೆ, ಕಂಪನಿ ಬಸ್ಸು ಹಳ್ಳಿ ಗೇಟಿಗೇ ಬರುತ್ತೆ, ಮಧ್ಯಾಹ್ನದ ಊಟಾನೂ ಕ್ಯಾಂಟೀನಲ್ಲೇ ಆಗುತ್ತೆ. ಗಾಡಿ ಲೈಸೆನ್ಸ್ ಸಿಗೋದೂ 18ಕ್ಕೇ, ಬೆಂಗಳೂರಿಗೆ ಹೋಗಿ ಡೆಲಿವರಿ ಮಾಡೋ ಹುಡುಗ್ರಲ್ಲಿ ನಮ್ಮ ರಿಜಿಸ್ಟರಿನ ಹೆಸರು ಎಷ್ಟಿದಾವೋ. ಬಂಗಾರಪೇಟೆ ಕಡೆಯೋರಿಗಂತೂ ಬೆಂಗಳೂರಿಗೆ ಹೋಗೋ ಮಾರಿಕುಪ್ಪಂ ರೈಲು ಇದೆ, 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಮನೆಗಳು ಆ ರೈಲನ್ನೇ ನಂಬ್ಕೊಂಡು ಬದುಕಿರೋದು, ಅಪ್ಪ ಹೋಗೋ ರೈಲಲ್ಲೇ ಮಗಾನೂ ಹೋಗೋಕೆ ಶುರು ಮಾಡ್ತಾನೆ. ಇನ್ನು ಹೆಣ್ಣುಮಕ್ಕಳಿಗೆ ಕಾನೂನು ಪ್ರಕಾರ ಮದುವೆ ವಯಸ್ಸು 18, ಅದು ತುಂಬೋದನ್ನೇ ಕಾಯ್ತಾ ಕೂತಿರೋ ಮನೆಗಳು ಈಗಲೂ ಇದಾವೆ, ಸುಳ್ಳು ಹೇಳೋದು ಬೇಡ. ಇದೆಲ್ಲಾ ಒಂದೇ ವರ್ಷದಲ್ಲಿ ಒಟ್ಟಿಗೆ ಬಂದು ಕೈ ಹಿಡಿದು ಎಳೆಯೋವಾಗ ಕಾಲೇಜು ಆ ಕಡೆಯಿಂದ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ಅನ್ನೋದೇ ಪ್ರಶ್ನೆ.

ಕಾಲೇಜು ಹೆಂಗೆ ಹಿಡ್ಕೊಳ್ಳುತ್ತೆ ಅಂದ್ರೆ, ಮೊದಲ್ನೇ ತಿಂಗಳಲ್ಲಿ ಹಿಡ್ಕೊಳ್ಳೋದೇ ಇಲ್ಲ. 2023-24ರಿಂದ ಪಿಯುಸಿಗೆ ಮೂರು ಪರೀಕ್ಷೆ ಬಂತು, ಫೇಲಾದ ಮಕ್ಕಳಿಗೆ ವರ್ಷ ಹಾಳಾಗದೇ ಇರೋದು ಒಳ್ಳೇದೇ, ಆದ್ರೆ ಮೊದಲ್ನೇದು ಬಿಟ್ಟು ಆಮೇಲಿನ ಪರೀಕ್ಷೇಲಿ ಪಾಸಾದೋರು ಡಿಗ್ರಿಗೆ ಸೇರೋ ಹೊತ್ತಿಗೆ ಕ್ಲಾಸ್ ಶುರುವಾಗಿರುತ್ತೆ, ಅಡ್ಮಿಷನ್ ತಾರೀಖು ಮುಂದಕ್ಕೆ ಹೋಗ್ತಾ ಇರುತ್ತೆ, ಕ್ಲಾಸಲ್ಲಿ ದಿನಾ ಹೊಸ ಮುಖ. ಇನ್ನೊಂದು ಕಡೆ ಪಾಠ ಮಾಡೋರಲ್ಲಿ ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು, ಅವರ ಕೌನ್ಸೆಲಿಂಗ್ ಮುಗಿದು ಆರ್ಡರ್ ಕೈಗೆ ಬರೋವರೆಗೂ ಟೈಮ್ ಟೇಬಲಲ್ಲಿ ಪೀರಿಯಡ್ ಇರುತ್ತೆ, ಮೇಷ್ಟ್ರು ಇರಲ್ಲ. 2023ರ ಕೊನೇಲಿ ಅತಿಥಿ ಉಪನ್ಯಾಸಕರು ಕಾಯಂ ಮಾಡಿ ಅಂತ ಕ್ಲಾಸ್ ಬಹಿಷ್ಕಾರ ಮಾಡಿ ಕೂತಾಗ ವಾರಗಟ್ಟಲೆ ಪಾಠ ಇಲ್ಲ. ಅವರ ಬೇಡಿಕೆ ತಪ್ಪು ಅಂತ ನಾನು ಹೇಳಲ್ಲ, ಇಪ್ಪತ್ತು ವರ್ಷ ಪಾಠ ಮಾಡಿಯೂ ಬೇಸಿಗೇಲಿ ಸಂಬಳ ಇಲ್ದೆ ಇರೋರನ್ನ ಹತ್ತಿರದಿಂದ ನೋಡಿದೀನಿ, ಅವರ ಜಾಗದಲ್ಲಿ ನಾನಿದ್ರೂ ಕೂರ್ತಿದ್ದೆ. ಆದ್ರೆ ಒಂದೂವರೆ ಗಂಟೆ ಬಸ್ಸಲ್ಲಿ ನಿಂತ್ಕೊಂಡು ಬಂದ ಹುಡುಗನಿಗೆ ಅವತ್ತು ಒಂದೇ ಪೀರಿಯಡ್ ಆದ್ರೆ, ಮಾರನೇ ದಿನಾನೂ ಹಂಗೇ ಆದ್ರೆ, ಅವನ ಅಮ್ಮ ಸಂಜೆ ಏನು ಕೇಳ್ತಾಳೆ ಹೇಳಿ. ಏನ್ ಹೇಳ್ಕೊಟ್ರು ಅಂತ ಕೇಳ್ತಾಳೆ. ಅವನ ಹತ್ರ ಉತ್ತರ ಇರಲ್ಲ. ಗುರುವಾರ ಶುಕ್ರವಾರ ಬರಲ್ಲ. ಅಲ್ಲಲ್ಲಿ ಒಂದೊಂದು ಟಿಕ್ ಶುರುವಾಗೋದು ಇಲ್ಲಿಂದ.

ಭಾಷೆ ವಿಷಯ ಹೊರಗಿನೋರಿಗೆ ಬೇಗ ಅರ್ಥ ಆಗಲ್ಲ. ಮುಳಬಾಗಿಲು, ಶ್ರೀನಿವಾಸಪುರ ಕಡೆ ಎಷ್ಟೋ ಮನೇಲಿ ಮಾತು ತೆಲುಗು. ಸ್ಕೂಲಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಬರೆದು, ಕಷ್ಟಪಟ್ಟು ಆ ಭಾಷೇನ ತಮ್ಮದು ಮಾಡ್ಕೊಂಡಿರ್ತಾರೆ. ಡಿಗ್ರೀಲಿ ಬಿಕಾಂಗೋ ಬಿಎಸ್ಸಿಗೋ ಬಂದ್ರೆ ಪುಸ್ತಕ ಇಂಗ್ಲಿಷು, ಬೋರ್ಡ್ ಮೇಲೆ ಇಂಗ್ಲಿಷು, ನೋಟ್ಸು ಇಂಗ್ಲಿಷು. ಮೂರನೇ ಭಾಷೇಲಿ ಓದ್ತಿದಾರೆ ಆ ಮಕ್ಕಳು. ಪಿಯುಸೀಲಿ ಶೇಕಡ 80 ತಗೊಂಡ ಹುಡುಗಿ ಮೊದಲ್ನೇ ಇಂಟರ್ನಲ್ ಟೆಸ್ಟಲ್ಲಿ ಖಾಲಿ ಪೇಪರ್ ಕೊಟ್ಟು ಬಂದು, ಅಣ್ಣಾ ಬಿಎಗೆ ಚೇಂಜ್ ಮಾಡಿಕೊಡ್ತೀರಾ ಅಂತ ನನ್ನ ಕಿಟಕಿ ಹತ್ರ ನಿಂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಚೇಂಜ್ ಮಾಡೋ ತಾರೀಖು ಮುಗಿದಿತ್ತು. ನಾನು ಮುಗೀತಮ್ಮಾ ಅಂದೆ ಅಷ್ಟೇ. ಆ ಹುಡುಗಿಗೆ ಗೊತ್ತಿದ್ದ ವಿಷಯ ಗೊತ್ತಿಲ್ಲ ಅನ್ನೋ ಹಾಗೆ ಮಾಡಿದ್ದು ಭಾಷೆ, ಬುದ್ಧಿ ಕಮ್ಮಿ ಇರ್ಲಿಲ್ಲ. ಮೊದಲ್ನೇ ತಿಂಗಳು ಡೆಬಿಟ್ ಕ್ರೆಡಿಟ್ಟಿಗೆ ಮುಂಚೆ ಆ ಇಂಗ್ಲಿಷ್ ಪದಗಳನ್ನೇ ಕನ್ನಡದಲ್ಲಿ ಬಿಡಿಸಿ ಹೇಳೋ ಒಂದು ಕ್ಲಾಸ್ ಇಟ್ಟಿದ್ರೆ ಸಾಕಿತ್ತು. ಮೇಡಂ ಒಬ್ಬರು ಎರಡು ವರ್ಷ ತಾವಾಗೇ ಅಂಥಾ ಕ್ಲಾಸ್ ಇಟ್ಟಿದ್ರು, ಆ ಬ್ಯಾಚಲ್ಲಿ ಉಳಿದೋರು ಜಾಸ್ತಿ ಅಂತ ನನ್ನ ರಿಜಿಸ್ಟರೇ ಹೇಳ್ತಿತ್ತು, ಅವರು ವರ್ಗ ಆಗಿ ಹೋದ್ರು, ಕ್ಲಾಸೂ ಹೋಯ್ತು.

ದುಡ್ಡಿನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಸರ್ಕಾರಿ ಕಾಲೇಜಲ್ಲಿ ಫೀಸ್ ಕಮ್ಮಿ, ಅದಕ್ಕೆ ದುಡ್ಡಿಗೋಸ್ಕರ ಯಾಕೆ ಬಿಡ್ತಾರೆ ಅಂತ ಕೇಳ್ತಾರೆ. ಫೀಸ್ ಹೆಂಗೋ ಕಟ್ತಾರೆ, ಕುರಿ ಮಾರಿ ಆದ್ರೂ ಕಟ್ತಾರೆ, ಅದು ಒಂದು ಸಲ. ಕಷ್ಟ ಇರೋದು ದಿನಾ ಬೆಳಗ್ಗೆ ಕೇಳ್ಬೇಕಾದ ಮೂವತ್ತು ನಲವತ್ತು ರೂಪಾಯೀಲಿ, ಜೆರಾಕ್ಸಿಗೆ, ಮಧ್ಯಾಹ್ನ ಹಸಿವಿಗೆ, ಫೋನ್ ರೀಚಾರ್ಜಿಗೆ. ಹೈಸ್ಕೂಲವರೆಗೂ ಬಿಸಿಯೂಟ ಇತ್ತು, ಡಿಗ್ರಿಗೆ ಬಂದ್ರೆ ಇಲ್ಲ. ಸ್ಕಾಲರ್‌ಶಿಪ್ ಇದೆ, ಇಲ್ಲ ಅನ್ನಲ್ಲ, ವಿದ್ಯಾಸಿರಿ ಶುರುವಾದಾಗ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1500 ರೂಪಾಯಿ ಅಂತ ಬಂದಾಗ ಎಷ್ಟು ಮನೆಗೆ ಉಸಿರು ಬಂತು ಅಂತ ನನಗೆ ಗೊತ್ತು. ಆದ್ರೆ ಆ ದುಡ್ಡು ಅಕೌಂಟಿಗೆ ಬೀಳೋ ಹೊತ್ತಿಗೆ ವರ್ಷ ಮುಗಿಯೋಕೆ ಬಂದಿರುತ್ತೆ. ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಹೆಸರು ಒಂಥರ, ಆಧಾರಲ್ಲಿ ಒಂಥರ, ಬ್ಯಾಂಕಿಗೆ ಆಧಾರ್ ಸೀಡಿಂಗ್ ಆಗಿಲ್ಲ, ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಮ್ಯಾಚ್ ಆಗ್ತಿಲ್ಲ ಅಂತ ಆ ಮಗು ನಾಡಕಚೇರಿಗೆ ಒಂದು ದಿನ, ಬ್ಯಾಂಕಿಗೆ ಒಂದು ದಿನ, ಆಧಾರ್ ಸೆಂಟರಲ್ಲಿ ಟೋಕನ್ನಿಗೆ ಬೆಳಗ್ಗೆ ಐದಕ್ಕೆ ಹೋಗಿ ಒಂದು ದಿನ. ಓದೋಕೆ ಅನುಕೂಲ ಆಗ್ಲಿ ಅಂತ ಕೊಡೋ ದುಡ್ಡಿಗಾಗಿ ಮೊದಲ್ನೇ ವರ್ಷದ ಹಾಜರೀಲಿ ಹತ್ತು ದಿನ ಹೋಗುತ್ತೆ. ಇದನ್ನ ಪಿಯುಸಿ ಎರಡನೇ ವರ್ಷದಲ್ಲೇ, ಮಕ್ಕಳು ಇನ್ನೂ ಅಲ್ಲೇ ಇರೋವಾಗ ಒಂದೇ ಕ್ಯಾಂಪಲ್ಲಿ ಸರಿ ಮಾಡಿಸಬಹುದು, ಅದಕ್ಕೆ ದೊಡ್ಡ ಯೋಜನೆ ಏನೂ ಬೇಕಾಗಿಲ್ಲ.

ಬಸ್ಸಿನ ವಿಷಯದಲ್ಲಿ ಒಂದು ಒಳ್ಳೇದು ಆಗಿದೆ, ಅದನ್ನ ಹೇಳ್ದೆ ಇದ್ರೆ ತಪ್ಪಾಗುತ್ತೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ್ಮೇಲೆ ಹೆಣ್ಣುಮಕ್ಕಳು ಮನೇಲಿ ಬಸ್ ಚಾರ್ಜಿಗೆ ಕೈ ಚಾಚೋದು ತಪ್ತು, ಚಾರ್ಜಿಲ್ಲ ಇವತ್ತು ಹೋಗ್ಬೇಡ ಅನ್ನೋ ಮಾತು ನಿಂತೋಯ್ತು, ಇದು ನನ್ನ ಕಣ್ಣಾರೆ ನೋಡಿದ್ದು. ಆದ್ರೆ ಕೆಲವು ಹಳ್ಳಿಗೆ ಬೆಳಗ್ಗೆ ಇರೋದೇ ಒಂದು ಬಸ್ಸು, ಅದು ತಪ್ಪಿದ್ರೆ ಆ ದಿನ ತಪ್ಪಿದ ಹಾಗೆ, ಸಂಜೆ ಕೊನೇ ಪೀರಿಯಡ್ ಮುಗಿಯೋಕೆ ಮುಂಚೆ ಎದ್ದು ಓಡ್ಬೇಕು.

ಈಗ ಉಳಿದುಕೊಂಡ ಒಬ್ಬಳ ವಿಷಯ. ಶ್ರೀನಿವಾಸಪುರದ ಕಡೆ ಹುಡುಗಿ, ಮನೇಲಿ ತೆಲುಗು, ಮಾವಿನ ತೋಟದಲ್ಲಿ ಅಪ್ಪ ಕಾವಲು ಕೆಲಸ. ಮೊದಲ್ನೇ ಸೆಮಿಸ್ಟರ್ ಅರ್ಧ ಆಗಿತ್ತು, ಮೂರು ದಿನ ಬರಲಿಲ್ಲ. ಅರ್ಥಶಾಸ್ತ್ರದ ಮೇಡಂ ನನ್ನ ಟೇಬಲ್ ಹತ್ರ ಬಂದು, ಎರಡನೇ ಬೆಂಚಲ್ಲಿ ಕಿಟಕಿ ಪಕ್ಕ ಕೂರೋ ಹುಡುಗಿ ಬಂದಿಲ್ಲ, ನಂಬರ್ ಕೊಡಿ ಅಂದ್ರು. ಹೆಸರು ಕೂಡ ಅವರಿಗೆ ಸರಿಯಾಗಿ ಗೊತ್ತಿರ್ಲಿಲ್ಲ, ಜಾಗ ಗೊತ್ತಿತ್ತು. ನನ್ನ ಫೋನಿಂದಾನೇ ಮಾಡಿದ್ರು, ಅಮ್ಮ ತೆಗೆದ್ರು, ಮೇಡಂ ತೆಲುಗಲ್ಲೇ “ಎಂದುಕು ರಾಲೇದಮ್ಮಾ ಪಾಪ” (ಮಗು ಯಾಕೆ ಬಂದಿಲ್ಲಮ್ಮಾ) ಅಂತ ಶುರು ಮಾಡಿದ್ರು. ಗಂಡಿನೋರು ನೋಡೋಕೆ ಬಂದಿದ್ರಂತೆ, ಇನ್ನೂ ಏನೂ ಮಾತಾಗಿರ್ಲಿಲ್ಲ, ಓದಿಸೋದಾ ಬಿಡಿಸೋದಾ ಅಂತ ಮನೇಲೇ ಎರಡು ಮನಸ್ಸು. ಮೇಡಂ ಬುದ್ಧಿ ಹೇಳೋಕೆ ಹೋಗ್ಲಿಲ್ಲ, ಕಾನೂನೂ ಮಾತಾಡ್ಲಿಲ್ಲ. ನಿಮ್ಮ ಹುಡುಗಿ ಬರದೆ ಇದ್ರೆ ನನಗೆ ಕ್ಲಾಸಲ್ಲಿ ಉತ್ತರ ಹೇಳೋರು ಇರಲ್ಲ, ನಾಳೆ ಕಳಿಸಿ ಅಂದ್ರು. ಎಲ್ಲಾ ಸೇರಿ ಎರಡು ಮೂರು ನಿಮಿಷ. ಮಾರನೇ ದಿನ ಹುಡುಗಿ ಬಂದಳು. ಡಿಗ್ರಿ ಮುಗಿಸಿ ಬಿಎಡ್ ಮಾಡಿ ಈಗ ಸ್ಕೂಲಲ್ಲಿ ಪಾಠ ಮಾಡ್ತಿದಾಳೆ, ಮದುವೇನೂ ಆಗಿದೆ. ಅವಳು ಟಿಸಿ ತಗೊಳ್ಳೋಕೆ ಬಂದ ದಿನ ‘ವ್ಯಾಸಂಗ ಪೂರ್ಣಗೊಂಡಿದೆ’ ಅಂತ ಬರೆಯೋವಾಗ ನನ್ನ ಕೈ ಸ್ವಲ್ಪ ನಿಧಾನ ಆಯ್ತು, ನಿಜ ಹೇಳ್ತೀನಿ.

ಆ ಹುಡುಗಿಗೂ ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಹುಡುಗನಿಗೂ ಮನೆ ಕಷ್ಟ ಹೆಚ್ಚುಕಮ್ಮಿ ಒಂದೇ. ಬುದ್ಧೀಲಿ ಅವನೇ ಒಂದು ಕೈ ಮೇಲೆ ಅಂತ ನನ್ನ ಅಂದಾಜು.

ನಮ್ಮ ಸೊಸೆ ಎಂಎಡ್ ಓದಿದಾಳೆ. ಇದನ್ನೆಲ್ಲಾ ಅವಳ ಹತ್ರ ಹೇಳ್ಕೊಂಡಾಗ, ಮಾವ ನೀವು ಹೇಳ್ತಿರೋದರ ಮೇಲೆ ಐವತ್ತು ವರ್ಷದಿಂದ ಸಂಶೋಧನೆ ನಡೀತಿದೆ ಅಂದಳು. ಅಮೆರಿಕದಲ್ಲಿ ವಿನ್ಸೆಂಟ್ ಟಿಂಟೊ ಅನ್ನೋ ಸಮಾಜಶಾಸ್ತ್ರಜ್ಞರು 1975ರಲ್ಲೇ ಇದರ ಬಗ್ಗೆ ಬರೆದಿದಾರಂತೆ. ವಿದ್ಯಾರ್ಥಿ ಕಾಲೇಜಲ್ಲಿ ಉಳೀಬೇಕಾದ್ರೆ ಎರಡು ನಂಟು ಬೇಕು, ಒಂದು ಓದಿನ ಜೊತೆ, ಇನ್ನೊಂದು ಅಲ್ಲಿನ ಜನದ ಜೊತೆ, ಮೇಷ್ಟ್ರು, ಸ್ನೇಹಿತರು ಎಲ್ಲಾ ಸೇರಿ. ಎರಡೂ ಬೆಳೀದೇ ಇದ್ರೆ ಹುಡುಗ ನಿಧಾನವಾಗಿ ದೂರ ಆಗ್ತಾನೆ. ಆಮೇಲೆ 1985ರಲ್ಲಿ ಬೀನ್ ಮತ್ತೆ ಮೆಟ್ಜ್‌ನರ್ ಅನ್ನೋ ಇಬ್ಬರು ಹೇಳಿದ್ರಂತೆ, ಹಾಸ್ಟೆಲಲ್ಲಿ ಇರದೆ ಮನೆಯಿಂದ ಓಡಾಡೋ, ಕೆಲಸ ಮಾಡ್ಕೊಂಡು ಓದೋ ವಿದ್ಯಾರ್ಥಿಗಳ ಲೆಕ್ಕ ಬೇರೆ, ಅವರಿಗೆ ಕಾಲೇಜೊಳಗಿನ ಸ್ನೇಹಕ್ಕಿಂತ ಹೊರಗಿನ ವಿಷಯ, ಅಂದ್ರೆ ದುಡ್ಡು, ಕೆಲಸದ ಗಂಟೆ, ಮನೆ ಜವಾಬ್ದಾರಿ, ಇದೇ ಜಾಸ್ತಿ ತೂಕ ಅಂತ. ಅದನ್ನ ಕೇಳಿ ನನಗೆ ನಮ್ಮ ಕೋಲಾರದ ಮಕ್ಕಳೇ ಕಣ್ಮುಂದೆ ಬಂದ್ರು, ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಸ್ ಹಿಡಿದು ಬರೋರು, ಸಂಜೆ ಹೋಗಿ ರೇಷ್ಮೆಹುಳಕ್ಕೆ ಸೊಪ್ಪು ಹಾಕೋರು. ಅವರು ಕಾಲೇಜಲ್ಲಿ ಇರೋದೇ ನಾಲ್ಕೈದು ಗಂಟೆ. ಕ್ಯಾಂಟೀನಲ್ಲಿ ಕೂತು ಸ್ನೇಹ ಬೆಳೆಸೋಕೆ ಅವರಿಗೆ ಟೈಮೂ ಇಲ್ಲ, ನಮ್ಮಲ್ಲಿ ಕ್ಯಾಂಟೀನೂ ಇರ್ಲಿಲ್ಲ. ಅಂಥೋರಿಗೆ ಇರೋ ಒಂದೇ ನಂಟು ಅಂದ್ರೆ ಕ್ಲಾಸ್ ರೂಮು. ಅಲ್ಲಿ ಮೇಷ್ಟ್ರೇ ಇಲ್ಲ ಅಂದ್ರೆ ಬೇರೆ ಯಾವ ದಾರ ಹಿಡ್ಕೊಂಡು ಬರ್ಬೇಕು ಅವರು.

ಇದಕ್ಕೆ ವ್ಯವಸ್ಥೆ ಇಲ್ವಾ ಅಂದ್ರೆ ಕಾಗದದ ಮೇಲೆ ಇದೆ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನವರು ಇಷ್ಟು ಮಕ್ಕಳಿಗೆ ಒಬ್ಬರು ಮೆಂಟರ್, ಅಂದ್ರೆ ಮಾರ್ಗದರ್ಶಕರು, ಇದಾರಾ ಅಂತ ಕೇಳ್ತಾರೆ, ಅದಕ್ಕೆ ಪ್ರತಿ ಮಗುವಿಗೂ ಒಂದು ಮೆಂಟರ್ ಬುಕ್. ತಂಡ ಬರೋಕೆ ಮುಂಚೆ ನಾವು ಕೆಲವರು ರಾತ್ರಿ ಎಂಟು ಗಂಟೆವರೆಗೂ ಕೂತು ಆ ಬುಕ್ಕುಗಳನ್ನ ತುಂಬಿಸಿದ್ವಿ, ‘ವಿದ್ಯಾರ್ಥಿಯೊಂದಿಗೆ ಸಮಾಲೋಚಿಸಲಾಗಿದೆ’ ಅಂತ ಬರೆದು ಬರೆದು ಪೆನ್ ಖಾಲಿ ಆಯ್ತು. ಅದರಲ್ಲಿ ಎಷ್ಟೋ ತಿಂಗಳ ಹಿಂದೆ ಬಿಟ್ಟು ಹೋದ ಮಕ್ಕಳ ಹೆಸರೂ ಇತ್ತು. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ಬರೀದೇ ಇದ್ರೆ ಇನ್ನೂ ತಪ್ಪು. ಆಗಿನ ಪ್ರಿನ್ಸಿಪಾಲರ ಮೇಲೋ ಲೆಕ್ಚರರ್ ಮೇಲೋ ಹಾಕ್ತಿಲ್ಲ, ಒಬ್ಬೊಬ್ಬರಿಗೆ ಅಷ್ಟೊಂದು ಮಕ್ಕಳು, ಅದರ ಮೇಲೆ ಚುನಾವಣೆ ಡ್ಯೂಟಿ, ಪೋರ್ಟಲ್ ಎಂಟ್ರಿ.

ಇನ್ನು 2021-22ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ಬಂತು, ಒಂದು ವರ್ಷಕ್ಕೆ ಬಿಟ್ರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಅಂದ್ರು. 2024-25ರಿಂದ ನಮ್ಮ ರಾಜ್ಯದಲ್ಲಿ ವಾಪಸ್ ಮೂರು ವರ್ಷ. ಯಾವುದು ಸರಿ ಅನ್ನೋ ಚರ್ಚೆ ದೊಡ್ಡೋರು ಮಾಡ್ಲಿ. ನಾನು ಹೇಳೋದು ಏನಂದ್ರೆ ಆರನೇ ವಾರದಲ್ಲಿ ಮಾಯ ಆಗೋ ಹುಡುಗನಿಗೆ ಆ ಒಂದು ವರ್ಷದ ಸರ್ಟಿಫಿಕೇಟೂ ಸಿಗ್ತಿರ್ಲಿಲ್ಲ, ಈಗಲೂ ಏನೂ ಸಿಗಲ್ಲ. ಪದೇ ಪದೇ ಸಿಲೆಬಸ್ ಬದಲಾಗಿದ್ದಕ್ಕೆ ಅಣ್ಣ ಓದಿದ ಪುಸ್ತಕ ತಮ್ಮನಿಗೆ ಆಗದೇ ಹೋಯ್ತು, ಅದೊಂದು ನಷ್ಟ ಬೇರೆ.

ಲೆಕ್ಕದ ವಿಷಯಕ್ಕೆ ಬರ್ತೀನಿ. ಉನ್ನತ ಶಿಕ್ಷಣದ ಸಮೀಕ್ಷೇಲಿ 18ರಿಂದ 23 ವಯಸ್ಸಿನೋರಿಗೆ ಹೋಲಿಸಿದ್ರೆ ನೂರಕ್ಕೆ ಎಷ್ಟು ಜನ ಕಾಲೇಜಿಗೆ ದಾಖಲಾಗಿದಾರೆ ಅಂತ ಲೆಕ್ಕ ಹಾಕ್ತಾರೆ, 2021-22ಕ್ಕೆ ದೇಶದಲ್ಲಿ ಅದು 28.4. ಆ ಅಂಕಿ ನೋಡಿ ಎಲ್ಲರಿಗೂ ಸಮಾಧಾನ, ಏರ್ತಾ ಇದೆ ಅಂತ. ದಾಖಲಾದೋನು ಅಲ್ಲೇ ಇದಾನಾ ಅಂತ ಅದು ಹೇಳಲ್ಲ. ಪ್ರೈಮರಿ ಸ್ಕೂಲಲ್ಲಿ ಒಂದು ಮಗು ವಾರ ಬರದಿದ್ರೆ ಮೇಷ್ಟ್ರು ಮನೆಗೆ ಹೋಗಿ ವಿಚಾರಿಸ್ತಾರೆ, ಡಿಗ್ರಿ ಹುಡುಗನ ಮನೆಗೆ ಯಾರೂ ಹೋಗಲ್ಲ, ದೊಡ್ಡೋನಾಗಿದಾನೆ ಅಂತ ಬಿಟ್ಟುಬಿಡ್ತೀವಿ.

ಅದಕ್ಕೆ ನನ್ನ ಮನವಿ ಇಷ್ಟು. ಕೋಲಾರದ ತಮಕದಲ್ಲಿ 2017ರಿಂದ ನಮ್ಮದೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ಮುಂಚೆ ಏನಾದ್ರೂ ಕೇಳ್ಬೇಕಾದ್ರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಓಡ್ಬೇಕಿತ್ತು, ಈಗ ಮನೆ ಬಾಗಿಲಲ್ಲೇ ಇದೆ. ಅವರು ಮನಸ್ಸು ಮಾಡಿದ್ರೆ ಪ್ರತಿ ಕಾಲೇಜಿನ ಹತ್ರ ಮೊದಲ್ನೇ ಸೆಮಿಸ್ಟರಿಗೆ ಸೇರಿದೋರೆಷ್ಟು, ಮೂರನೇ ಸೆಮಿಸ್ಟರಿಗೆ ಬಂದೋರೆಷ್ಟು ಅಂತ ಎರಡೇ ಅಂಕಿ ತರಿಸ್ಕೊಂಡು ಪ್ರಕಟ ಮಾಡಬಹುದು. ನೀವು ಪೇಪರಿನೋರು ಪಿಯುಸಿ ಪಟ್ಟಿ ಹಾಕೋ ಜಾಗದಲ್ಲೇ ಅದನ್ನೂ ಹಾಕಿ. ಕಾಲೇಜಿನೋರಿಗೆ ನಾನು ಕೇಳ್ಕೊಳ್ಳೋದು, ಮೊದಲ್ನೇ ವರ್ಷದ ಮಗು ಸತತ ಮೂರು ದಿನ ಬರದಿದ್ರೆ ಆಫೀಸಿಂದ ಒಂದು ಫೋನ್. ಮೇಷ್ಟ್ರಿಗೆ ಆಗದಿದ್ರೆ ಗುಮಾಸ್ತರು ಮಾಡ್ಲಿ, ಅಟೆಂಡರ್ ಮಾಡ್ಲಿ, ಅದೇ ಊರಿನ ಸೀನಿಯರ್ ಹುಡುಗ ಮಾಡ್ಲಿ. ಯಾಕೆ ಬರ್ಲಿಲ್ಲ ಅಂತ ಗದರಿಸೋಕಲ್ಲ, ಬಾ, ಇನ್ನೂ ಟೈಮ್ ಇದೆ, ನಿನ್ನ ಹಾಜರಿ ಇಷ್ಟಿದೆ ಅಂತ ಹೇಳೋಕೆ. ಆ ಹಾಜರಿ ಲೆಕ್ಕಾನ ತಿಂಗಳಿಗೊಂದು ಸಲ ನೋಟಿಸ್ ಬೋರ್ಡಿಗೆ ಹಾಕಿ, ಎಷ್ಟು ದಿನ ಹೋದ್ರೂ ಇನ್ನೂ ದಾರಿ ಇದೆ ಅನ್ನೋದನ್ನೂ ಅದರ ಕೆಳಗೆ ಕನ್ನಡದಲ್ಲಿ ಬರೀರಿ.

ಮತ್ತೆ ಟಿಸಿಯ ಆ ಕಾಲಂ. ಅದರಲ್ಲಿ ನಿಜ ಬರೆದ್ರೆ ಮಗುವಿಗೆ ಮುಂದೆ ತೊಂದರೆ ಆಗುತ್ತೆ ಅಂತ ಯಾರಾದ್ರೂ ಹೇಳಬಹುದು, ಆ ಮಾತು ಸರಿ, ಟಿಸೀಲಿ ಮನೆ ಕಷ್ಟ ಬರೀಬೇಡಿ. ಕಾಲೇಜಲ್ಲಿ ಉಳಿಯೋ ಆಫೀಸ್ ಕಾಪಿ ಹಿಂದೆ ಎರಡು ಸಾಲು ಬರೀರಿ. ಕೇಳಿ ಬರೀರಿ. ಐದು ವರ್ಷದ ಆ ಎರಡೆರಡು ಸಾಲು ಒಟ್ಟಿಗೆ ಓದಿದ್ರೆ ನಮ್ಮ ತಾಲ್ಲೂಕಿಗೆ ಬೇಕಾಗಿರೋದು ಬೆಳಗಿನ ಇನ್ನೊಂದು ಬಸ್ಸಾ, ಮಧ್ಯಾಹ್ನದ ಊಟಾನಾ, ಇಂಗ್ಲಿಷ್ ಕ್ಲಾಸಾ ಅಂತ ಯಾವ ಕಮಿಟೀನೂ ಇಲ್ದೆ ಗೊತ್ತಾಗುತ್ತೆ.

ಕೊನೇದಾಗಿ ಇದನ್ನ ಓದ್ತಿರೋ, ಮಧ್ಯದಲ್ಲಿ ಬಿಟ್ಟಿರೋ ಮಕ್ಕಳಿಗೆ ಒಂದು ಮಾತು. ಶಿಫ್ಟ್ ಬಸ್ಸಲ್ಲಿ ಮೊಬೈಲಲ್ಲಿ ಪೇಪರ್ ಓದೋರು ಇದೀರಾ ಅಂತ ನನಗೆ ಗೊತ್ತು. ನಿಮ್ಮ ಪಿಯುಸಿ ಟಿಸಿ ಬೀರುವಿನಲ್ಲಿ ಭದ್ರವಾಗಿದೆ, ಯಾರೂ ಬಿಸಾಕಿಲ್ಲ. ಹೋಗಿ ಕೇಳಿ. ರೀಅಡ್ಮಿಷನ್ ಆಗುತ್ತಾ, ಬರೆದು ಪಾಸಾಗಿರೋ ಪೇಪರ್ ಲೆಕ್ಕಕ್ಕೆ ಬರುತ್ತಾ ಅಂತ ಆಫೀಸಲ್ಲೇ ವಿಚಾರಿಸಿ. ಕೆಲಸ ಬಿಡೋಕೆ ಆಗಲ್ಲ ಅನ್ನೋರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಟಿಸಿ, ಮಾರ್ಕ್ಸ್ ಕಾರ್ಡ್ ಕೈಲಿದ್ರೆ ಅಲ್ಲಿಗೆ ಸೇರೋಕೆ ಸುಲಭ ಆಗುತ್ತೆ. ಆಫೀಸ್ ಬೆಳಗ್ಗೆ ಹತ್ತಕ್ಕೆ ತೆಗೀತಾರೆ, ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ, ಆಧಾರ್ ಕಾರ್ಡ್ ತಗೊಂಡು ಹೋಗಿ. ಹೆಸರು, ಸೇರಿದ ವರ್ಷ ಹೇಳಿದ್ರೆ ಸಾಕು, ಕೆಳಗಿನ ಎರಡು ಖಾನೆ, ಎಡಗಡೆಯಿಂದ ವರ್ಷದ ಪ್ರಕಾರ ಜೋಡಿಸಿಟ್ಟಿದೀನಿ.

ಇಂತಿ ನಿಮ್ಮ ಓದುಗ,
ನಿವೃತ್ತ ಪ್ರಥಮ ದರ್ಜೆ ಸಹಾಯಕ,
ಕೋಲಾರ ಜಿಲ್ಲೆ